ಅಂಕಣದ ಹೊರಗಿನಿಂದ ಮೂರು ದಶಕ: ಡ್ಯಾರೆನ್ ಕೇಹಿಲ್ ನಡೆದು ಬಂದ ದಾರಿ

1988ರ ಅಮೆರಿಕ ಓಪನ್‌ನ ಎರಡನೇ ಸುತ್ತಿನಲ್ಲಿ, ಶ್ರೇಯಾಂಕವಿಲ್ಲದ ಆಸ್ಟ್ರೇಲಿಯಾದ ಆಟಗಾರನೊಬ್ಬ ಬೋರಿಸ್ ಬೆಕರ್ ಅವರನ್ನು ನೇರ ಸೆಟ್‌ಗಳಲ್ಲಿ ಸೋಲಿಸಿದರು. ಅಡಿಲೇಡ್‌ನ ಡ್ಯಾರೆನ್ ಕೇಹಿಲ್ ಅವರಿಗೆ ಆಗ 22 ವರ್ಷ. ಅಲ್ಲಿಂದ ಸೆಮಿಫೈನಲ್‌ವರೆಗೂ ನಡೆದ ಅವರ ಓಟವನ್ನು ನಿಲ್ಲಿಸಿದ್ದು ಆ ವರ್ಷ ಪ್ರಶಸ್ತಿಯನ್ನೂ ಗೆದ್ದ ಮ್ಯಾಟ್ಸ್ ವಿಲಾಂಡರ್. ಮರುವರ್ಷ ಕೇಹಿಲ್ ಸಿಂಗಲ್ಸ್ ರ್‍ಯಾಂಕಿಂಗ್‌ನಲ್ಲಿ 22ನೇ ಸ್ಥಾನಕ್ಕೇರಿದರು. ಮಾರ್ಕ್ ಕ್ರಾಟ್ಸ್‌ಮನ್ ಜೊತೆಗೂಡಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಫೈನಲ್ ಆಡಿದರು. ಅದಕ್ಕಿಂತ ಮೇಲೇರಲು ಮೊಣಕಾಲು ಬಿಡಲಿಲ್ಲ. ಗಾಯ, ಶಸ್ತ್ರಚಿಕಿತ್ಸೆ, ಮತ್ತೆ ಗಾಯ ಎಂಬ ಸುತ್ತಿನಲ್ಲಿ ಸಿಕ್ಕಿ ಅವರ ಆಟದ ಬದುಕು ತೊಂಬತ್ತರ ದಶಕದ ನಡುವಿನ ಹೊತ್ತಿಗೆ ಮುಗಿಯಿತು.

ಸಿಂಗಲ್ಸ್‌ನಲ್ಲಿ ಎರಡೇ ಪ್ರಶಸ್ತಿ ಗೆದ್ದ ಈ ಆಟಗಾರನ ಮಾರ್ಗದರ್ಶನದಲ್ಲಿ ಮುಂದೆ ಲೇಟನ್ ಹೆವಿಟ್, ಆಂಡ್ರೆ ಅಗಾಸ್ಸಿ, ಸಿಮೊನಾ ಹಲೆಪ್ ಮತ್ತು ಯಾನಿಕ್ ಸಿನ್ನರ್ ವಿಶ್ವದ ಅಗ್ರಸ್ಥಾನದಲ್ಲಿ ನಿಂತರು. ನಾಲ್ವರ ಆಟವೂ ಸ್ವಭಾವವೂ ಒಂದಕ್ಕೊಂದು ಹೋಲುವುದಿಲ್ಲ. ಕೇಹಿಲ್ ಅವರ ವೃತ್ತಿಯನ್ನು ಅರಿಯಲು ಗೆದ್ದ ಕಪ್‌ಗಳ ಲೆಕ್ಕ ಸಾಲದು. ಪಂದ್ಯ ನಡೆಯುವಾಗ ತರಬೇತುದಾರನಿಗೆ ಎಷ್ಟು ಮಾತನಾಡಲು ಅವಕಾಶವಿತ್ತು ಎಂಬ ಪ್ರಶ್ನೆಯನ್ನೂ ಜೊತೆಗಿಟ್ಟು ನೋಡಬೇಕು.

ಫುಟ್‌ಬಾಲ್‌ನಲ್ಲಿ ತರಬೇತುದಾರ ಗೆರೆಯಾಚೆ ನಿಂತು ಕೂಗಬಹುದು, ಬಾಕ್ಸಿಂಗ್‌ನಲ್ಲಿ ಸುತ್ತಿನ ನಡುವೆ ಮೂಲೆಗೆ ಬಂದು ಕಿವಿಮಾತು ಹೇಳಬಹುದು. ಟೆನಿಸ್ ಸಿಂಗಲ್ಸ್‌ನಲ್ಲಿ ಮಾತ್ರ ಮೊದಲ ಸರ್ವ್‌ನಿಂದ ಕೊನೆಯ ಪಾಯಿಂಟ್‌ವರೆಗೆ ಆಟಗಾರ ಒಂಟಿ ಎಂಬುದು ಬಹುಕಾಲದ ನಿಯಮವಾಗಿತ್ತು. ಕೈಸನ್ನೆ ಮಾಡಿದರೂ ಚೇರ್ ಅಂಪೈರ್ ಎಚ್ಚರಿಕೆ ಕೊಡಬಹುದಿತ್ತು. ಹಾಗಾಗಿ ತರಬೇತುದಾರನ ಕೆಲಸವೆಲ್ಲ ಪಂದ್ಯಕ್ಕೆ ಮೊದಲೇ ಮುಗಿದಿರಬೇಕಿತ್ತು. ಎದುರಾಳಿ ಒತ್ತಡದಲ್ಲಿ ಯಾವ ಕಡೆಗೆ ಸರ್ವ್ ಮಾಡುತ್ತಾನೆ, ಅವನ ಯಾವ ಹೊಡೆತ ಮೊದಲು ಸಡಿಲಗೊಳ್ಳುತ್ತದೆ, ಯೋಜನೆ ಕೈಕೊಟ್ಟರೆ ಮುಂದೇನು ಎಂಬುದನ್ನೆಲ್ಲ ಆಟಗಾರನೇ ಅಂಕಣದಲ್ಲಿ ನೆನೆದು ನಿರ್ಧರಿಸುವಂತೆ ಅಣಿಗೊಳಿಸಬೇಕಿತ್ತು.

ಕೇಹಿಲ್ ಈ ಕೆಲಸ ಆರಂಭಿಸಿದ್ದು ತಮ್ಮ ಊರಿನವರೇ ಆದ ಹೆವಿಟ್ ಅವರೊಂದಿಗೆ. ಹದಿಹರೆಯದ ಆ ಹುಡುಗನ ಕಾಲಿನ ವೇಗ ಮತ್ತು ಬಿಡದ ಹಟ 2001ರಲ್ಲಿ ಫಲ ಕೊಟ್ಟವು. ಅಮೆರಿಕ ಓಪನ್ ಫೈನಲ್‌ನಲ್ಲಿ ಪೀಟ್ ಸಾಂಪ್ರಾಸ್ ಅವರನ್ನು ಮಣಿಸಿದ ಹೆವಿಟ್, ಅದೇ ನವೆಂಬರ್‌ನಲ್ಲಿ, 20ನೇ ವಯಸ್ಸಿನಲ್ಲಿ, ಅಗ್ರಸ್ಥಾನಕ್ಕೇರಿದರು. ಇಬ್ಬರ ಜೊತೆಗಾರಿಕೆಯೂ ಆ ವರ್ಷಾಂತ್ಯಕ್ಕೇ ಕೊನೆಗೊಂಡಿತು.

2002ರಲ್ಲಿ ಕೇಹಿಲ್ ಸೇರಿಕೊಂಡಿದ್ದು ಮೂವತ್ತು ದಾಟಿದ್ದ ಅಗಾಸ್ಸಿ ಅವರ ತಂಡವನ್ನು. ಅದೇ ವರ್ಷದ ಅಮೆರಿಕ ಓಪನ್ ಸೆಮಿಫೈನಲ್‌ನಲ್ಲಿ ಅಗಾಸ್ಸಿ ಎದುರು ನಿಂತವರು ಹೆವಿಟ್. ತಾವೇ ಬೆಳೆಸಿದ ಹುಡುಗ ಸೋತದ್ದನ್ನು ಕೇಹಿಲ್ ಎದುರಾಳಿಯ ತಂಡದ ಸಾಲಿನಲ್ಲಿ ಕುಳಿತು ನೋಡಬೇಕಾಯಿತು. ಇಲ್ಲಿಯ ಕೆಲಸ ಬೇರೆಯದೇ ಆಗಿತ್ತು. ಅದಾಗಲೇ ಏಳು ಗ್ರ್ಯಾನ್‌ಸ್ಲಾಮ್ ಗೆದ್ದವರಿಗೆ ಹೊಡೆತ ಕಲಿಸುವ ಅಗತ್ಯವಿರಲಿಲ್ಲ. ವಯಸ್ಸಾಗುತ್ತಿದ್ದ ದೇಹದ ಶಕ್ತಿಯನ್ನು ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಉಳಿಸಬೇಕು ಎಂಬ ವಿವೇಚನೆ ಬೇಕಿತ್ತು. 2003ರ ಆಸ್ಟ್ರೇಲಿಯನ್ ಓಪನ್ ಗೆದ್ದ ಅಗಾಸ್ಸಿ ಅದೇ ವರ್ಷ 33ನೇ ವಯಸ್ಸಿನಲ್ಲಿ ಮತ್ತೆ ಅಗ್ರಸ್ಥಾನಕ್ಕೆ ಬಂದರು. 2006ರಲ್ಲಿ ಅವರು ನಿವೃತ್ತರಾಗುವವರೆಗೂ ಕೇಹಿಲ್ ಜೊತೆಗಿದ್ದರು.

ಈ ನಡುವೆ ಮಹಿಳಾ ಟೂರ್‌ನಲ್ಲಿ ನಿಯಮ ಸಡಿಲವಾಯಿತು. ಪ್ರತಿ ಸೆಟ್‌ಗೆ ಒಮ್ಮೆ ತರಬೇತುದಾರ ಅಂಕಣಕ್ಕೇ ಬಂದು ಆಟಗಾರ್ತಿಯ ಪಕ್ಕ ಕುಳಿತು ಮಾತನಾಡಬಹುದಿತ್ತು. ಗ್ರ್ಯಾನ್‌ಸ್ಲಾಮ್‌ಗಳಲ್ಲಿ ಅದಕ್ಕೆ ಅವಕಾಶವಿರಲಿಲ್ಲ. ಕೇಹಿಲ್ ಅವರ ವೃತ್ತಿಯಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಘಟ್ಟ ಈ ಅವಧಿಯದು. 2017ರ ಮಾರ್ಚ್‌ನಲ್ಲಿ ಮಯಾಮಿ ಟೂರ್ನಿಯ ಕ್ವಾರ್ಟರ್‌ಫೈನಲ್‌ನಲ್ಲಿ ಜೊಹಾನಾ ಕೊಂಟಾ ವಿರುದ್ಧ ಮೊದಲ ಸೆಟ್ ಗೆದ್ದೂ, ಆಗ ಕೇಹಿಲ್ ಅವರ ಶಿಷ್ಯೆಯಾಗಿದ್ದ ಹಲೆಪ್ ಸೋತರು. ಸೋಲಿಗಿಂತ ಅಂಕಣದಲ್ಲಿ ಅವರು ತಮ್ಮ ಮೇಲೆ ತಾವೇ ಭರವಸೆ ಕಳೆದುಕೊಂಡ ಬಗೆ ಕೇಹಿಲ್ ಅವರನ್ನು ಕಾಡಿತು. ಪಕ್ಕದಲ್ಲಿ ಕುಳಿತು ಆಡಿದ ಮಾತೂ ನಾಟದಿದ್ದಾಗ ಅವರು ಕೆಲಸವನ್ನೇ ಬಿಟ್ಟರು. ಹಲೆಪ್ ತಮ್ಮ ಮನೋಭಾವವನ್ನು ತಿದ್ದಿಕೊಳ್ಳಲು ಶ್ರಮಿಸಿದ ಮೇಲೆಯೇ, ಕೆಲವು ವಾರಗಳ ನಂತರ, ಮರಳಿದರು.

ಫಲ ಕೂಡಲೇ ಸಿಗಲಿಲ್ಲ. ಆ ವರ್ಷದ ಫ್ರೆಂಚ್ ಓಪನ್ ಫೈನಲ್‌ನಲ್ಲಿ ಒಂದು ಸೆಟ್ ಮತ್ತು 3-0 ಮುನ್ನಡೆಯಿಂದ ಹಲೆಪ್ ಯೆಲೆನಾ ಒಸ್ಟಾಪೆಂಕೊಗೆ ಸೋತರು. ಅಕ್ಟೋಬರ್‌ನಲ್ಲಿ ಅಗ್ರಸ್ಥಾನ ಸಿಕ್ಕಿತಾದರೂ 2018ರ ಆಸ್ಟ್ರೇಲಿಯನ್ ಓಪನ್ ಫೈನಲ್ ಕೂಡ ಕೈತಪ್ಪಿತು. ಆ ಜೂನ್‌ನಲ್ಲಿ ಪ್ಯಾರಿಸ್‌ನಲ್ಲಿ ಸ್ಲೋನ್ ಸ್ಟೀಫನ್ಸ್ ವಿರುದ್ಧ ಮೊದಲ ಸೆಟ್ ಸೋತು, ಎರಡನೆಯದರಲ್ಲೂ ಹಿಂದೆ ಬಿದ್ದಿದ್ದ ಹಲೆಪ್ 3-6, 6-4, 6-1ರಿಂದ ಗೆದ್ದಾಗ ತರಬೇತುದಾರ ಅಂಕಣಕ್ಕೆ ಇಳಿಯುವಂತಿರಲಿಲ್ಲ. ತಿರುಗೇಟು ಕೊಡುವ ದಾರಿಯನ್ನು ಅವರೇ ಕಂಡುಕೊಂಡರು.

ಅದೇ ವರ್ಷದ ಅಮೆರಿಕ ಓಪನ್ ಫೈನಲ್‌ನಲ್ಲಿ ಈ ನಿಯಮ ದೊಡ್ಡ ವಿವಾದವಾಯಿತು. ತರಬೇತುದಾರ ಪ್ಯಾಟ್ರಿಕ್ ಮೊರಾಟೊಗ್ಲು ಅವರ ಕೈಸನ್ನೆಗಾಗಿ ಅಂಪೈರ್ ಕಾರ್ಲೋಸ್ ರಾಮೋಸ್ ಸೆರೆನಾ ವಿಲಿಯಮ್ಸ್‌ಗೆ ಎಚ್ಚರಿಕೆ ಕೊಟ್ಟರು. ಸೆರೆನಾ ಅದನ್ನು ಒಪ್ಪಲಿಲ್ಲ, ಮೊರಾಟೊಗ್ಲು ಮಾತ್ರ ಸನ್ನೆ ಮಾಡಿದ್ದು ನಿಜವೆಂದೂ ಎಲ್ಲರೂ ಮಾಡುವುದೇ ಅದೆಂದೂ ಹೇಳಿದರು. ಪಾಲಿಸಲಾಗದ ನಿಯಮ ಹೆಚ್ಚು ಕಾಲ ನಿಲ್ಲಲಿಲ್ಲ. 2022ರ ಜುಲೈನಿಂದ ಪುರುಷರ ಟೂರ್ ಗ್ಯಾಲರಿಯಿಂದ ಚುಟುಕಾಗಿ ಸಲಹೆ ನೀಡುವುದನ್ನು ಪ್ರಾಯೋಗಿಕವಾಗಿ ಒಪ್ಪಿತು, 2025ರ ಆರಂಭದಿಂದ ಅದು ಟೆನಿಸ್ ನಿಯಮಾವಳಿಯಲ್ಲೇ ಸೇರಿತು.

ತರಬೇತುದಾರರಾಗಿ ಸಿಮೋನೆ ವಾಗ್ನೋಜಿ ಅವರಿದ್ದ ಸಿನ್ನರ್ ತಂಡವನ್ನು ಕೇಹಿಲ್ ಸೇರಿದ್ದೂ 2022ರ ಮಧ್ಯಭಾಗದಲ್ಲೇ. 2024ರ ಆಸ್ಟ್ರೇಲಿಯನ್ ಓಪನ್ ಫೈನಲ್‌ನಲ್ಲಿ ಡ್ಯಾನಿಲ್ ಮೆಡ್ವೆಡೆವ್‌ಗೆ ಮೊದಲೆರಡು ಸೆಟ್ ಬಿಟ್ಟುಕೊಟ್ಟೂ ಸಿನ್ನರ್ ಗೆದ್ದರು, ಜೂನ್‌ನಲ್ಲಿ ಅಗ್ರಸ್ಥಾನಕ್ಕೇರಿದರು. ಮಾತಿಗೆ ಅನುಮತಿ ಸಿಕ್ಕರೂ ಕೆಲಸದ ತಿರುಳು ಹೆಚ್ಚೇನೂ ಬದಲಾಗಲಿಲ್ಲ ಎಂಬುದು 2025ರಲ್ಲಿ ಕಂಡಿತು. ಜೂನ್ 8ರ ಫ್ರೆಂಚ್ ಓಪನ್ ಫೈನಲ್‌ನಲ್ಲಿ ಕಾರ್ಲೋಸ್ ಅಲ್ಕರಾಜ್ ವಿರುದ್ಧ ಮೂರು ಚಾಂಪಿಯನ್‌ಷಿಪ್ ಪಾಯಿಂಟ್ ಕೈಚೆಲ್ಲಿ ಸಿನ್ನರ್ ಐದೂವರೆ ಗಂಟೆಯ ಪಂದ್ಯ ಸೋತಾಗ, ಗ್ಯಾಲರಿಯಿಂದ ಯಾವ ಸಲಹೆಯೂ ಅದನ್ನು ತಡೆಯಲಿಲ್ಲ. ಮುಂದಿನ ಐದು ವಾರಗಳಲ್ಲಿ ಆ ಸೋಲನ್ನು ಹೊತ್ತುಕೊಂಡೇ ಹುಲ್ಲಿನಂಕಣಕ್ಕೆ ಸಜ್ಜಾಗಬೇಕಿತ್ತು. ಜುಲೈ 13ರಂದು ವಿಂಬಲ್ಡನ್ ಫೈನಲ್‌ನಲ್ಲಿ ಅದೇ ಎದುರಾಳಿಗೆ ಮೊದಲ ಸೆಟ್ ಸೋತ ಸಿನ್ನರ್ ಉಳಿದ ಮೂರನ್ನೂ 6-4ರಿಂದ ಗೆದ್ದರು. ಪ್ಯಾರಿಸ್‌ನಲ್ಲಿ ತಪ್ಪಿದ ಆ ಕೊನೆಯ ಪಾಯಿಂಟ್ ಈ ಬಾರಿ ಅವರದೇ ಸರ್ವ್‌ನಲ್ಲಿ ದಕ್ಕಿತು.