ಗುಡ್ಡ ಜರಿಯುವಾಗ ಬಂಡೆ ಎಲ್ಲಿ ಒಡೀತದೆ ಅಂತ ಕಂಪ್ಯೂಟರಿಗೆ ಹೇಗೆ ಗೊತ್ತಾಗ್ತದೆ?

ಶಿರಾಡಿಯಲ್ಲಿ ಗುಡ್ಡ ಜರಿದು ರೋಡ್ ಬಂದ್ ಆದಾಗೆಲ್ಲ ಮಂಗಳೂರಲ್ಲಿ ಯಾರಾದ್ರೂ ಒಬ್ರು ಇದನ್ನ ಕೇಳೇ ಕೇಳ್ತಾರೆ, ಅಷ್ಟು ದೊಡ್ಡ ಬಂಡೆ ಉರುಳ್ತಾ ಚೂರುಚೂರಾಗ್ತದಲ್ಲ, ಅದನ್ನ ಕಂಪ್ಯೂಟರಲ್ಲಿ ಹೇಗೆ ತೋರಿಸ್ತಾರೆ ಅಂತ.

ಎಳ್ಳುಂಡೆ ನೆನಪು ಮಾಡ್ಕೊಳ್ಳಿ. ಬಂಡೆಯನ್ನ ಅಖಂಡ ಕಲ್ಲು ಅಂತ ತಗೊಳ್ಳದೆ ಸಾವಿರಾರು, ಕೆಲವು ಸಲ ಲಕ್ಷಗಟ್ಟಲೆ ಸಣ್ಣ ಗುಂಡುಗಳು ಬೆಲ್ಲದ ಪಾಕದಲ್ಲಿ ಅಂಟಿಕೊಂಡಿವೆ ಅಂತ ತಗೊಳ್ತಾರೆ, ಪ್ರತಿ ಅಂಟಿಗೂ ಇಷ್ಟು ಎಳೆದ್ರೆ ಬಿಡ್ತದೆ, ಇಷ್ಟು ಜಾರಿಸಿದ್ರೆ ಬಿಡ್ತದೆ ಅಂತ ಒಂದು ಮಿತಿ ಕೊಡ್ತಾರೆ, ಆಮೇಲೆ ಸೆಕೆಂಡಿನ ತೀರಾ ಸಣ್ಣ ಸಣ್ಣ ಭಾಗಕ್ಕೊಮ್ಮೆ ಪ್ರತಿ ಗುಂಡಿನ ಮೇಲೂ ಎಷ್ಟು ಬಲ ಬಿತ್ತು, ಯಾವ ಕಡೆ ಸರಿಯಿತು ಅಂತ ನ್ಯೂಟನ್ನನ ನಿಯಮದಲ್ಲೇ ಲೆಕ್ಕ. ಮಿತಿ ಮೀರಿದಲ್ಲಿ ಅಂಟು ಹೋಯ್ತು, ಮತ್ತೆ ಕೂಡೋದಿಲ್ಲ. ಅಂಥ ಬಿಟ್ಟ ಅಂಟುಗಳ ಸಾಲೇ ಬಿರುಕು, ಬಿರುಕು ಎಲ್ಲಿ ಬರ್ಬೇಕು ಅಂತ ಮೊದಲೇ ಯಾರೂ ಗೆರೆ ಎಳೆದಿರೋದಿಲ್ಲ. ಡಿಸ್ಕ್ರೀಟ್ ಎಲಿಮೆಂಟ್ ಮೆಥಡ್ ಅಂತಾರೆ ಇದಕ್ಕೆ, ಕಂಡಲ್ ಮತ್ತು ಸ್ಟ್ರ್ಯಾಕ್ ಅನ್ನೋ ಇಬ್ರು ಸಂಶೋಧಕರು 1979ರಲ್ಲಿ ಬರೆದ ಪೇಪರಿಂದ ಹೆಸರಾಯ್ತು, ಗುಂಡುಗಳನ್ನ ಅಂಟಿಸಿ ಬಂಡೆ ಮಾಡೋ ಕ್ರಮ ಅದರ ಮೇಲೆ ಬೆಳೆದದ್ದು.

ಕಷ್ಟ ಇರೋದು ಪಾಕದ ಹದದಲ್ಲಿ. ನಿಜವಾದ ಕಲ್ಲಿನ ತುಂಡನ್ನ ಲ್ಯಾಬಲ್ಲಿ ಮೆಷಿನ್ನಿಗೆ ಕೊಟ್ಟು ಒಡೀತಾರೆ, ಕಂಪ್ಯೂಟರಿನ ತುಂಡೂ ಅದೇ ಬಲಕ್ಕೆ ಹಾಗೇ ಒಡೆಯೋ ತನಕ ಅಂಟಿನ ನಂಬರ್ ತಿದ್ದುತ್ತಾ ಇರ್ಬೇಕು. ಅಷ್ಟಾದ್ರೂ ಸಾಲದು, ಹಳೇ ಜರಿತದ ಜೊತೆ ತಾಳೆ ನೋಡ್ಬೇಕು. ಕೆನಡಾದ ಫ್ರಾಂಕ್ ಊರಲ್ಲಿ 1903ರ ಏಪ್ರಿಲ್ 29ಕ್ಕೆ ಸುಮಾರು 3 ಕೋಟಿ ಘನ ಮೀಟರ್ ಸುಣ್ಣಕಲ್ಲು ಎರಡು ನಿಮಿಷದೊಳಗೆ ಕಣಿವೆ ತುಂಬಿತು, ಆ ಕಲ್ಲಿನ ರಾಶಿ ಇವತ್ತಿಗೂ ಹಾಗೇ ಉಂಟು, ಲೆಕ್ಕದ ರಾಶಿ ಅದರಷ್ಟೇ ದೂರ ಹೋಗಿ ನಿಲ್ತದಾ ಅಂತ ನೋಡ್ಬಹುದು.

ನನಗೆ ಆಶ್ಚರ್ಯ ಆಗೋದು ಇನ್ನೊಂದು. ಇಂಥ ದೊಡ್ಡ ಜರಿತಗಳ ರಾಶಿಯಲ್ಲಿ ಎಷ್ಟೋ ಕಡೆ ಬಂಡೆ ಪುಡಿಯಾದ್ರೂ ಚೂರುಗಳು ಕಲಸಿ ಹೋಗಿರೋದಿಲ್ಲ, ಮೇಲಿನ ಪದರ ಮೇಲೆ, ಕೆಳಗಿನದ್ದು ಕೆಳಗೆ, ಒಡೆದ ತಟ್ಟೆಯ ಚೂರು ಜೋಡಿಸಿಟ್ಟ ಹಾಗೆ. ಒಡೆಯೋಕೆ ಶಕ್ತಿ ಖರ್ಚಾಗ್ತದೆ ನಿಜ, ಆದ್ರೆ ಒಡೆಯುವಾಗಿನ ತಳ್ಳುವಿಕೆಯಿಂದ ಮುಂದಿನ ಭಾಗ ಇನ್ನೂ ದೂರ ಓಡ್ತದಾ ಅನ್ನೋದು ತಜ್ಞರಲ್ಲೇ ಇನ್ನೂ ಚರ್ಚೆಯ ವಿಷಯ.

ನಮ್ಮ ಗುಡ್ಡಕ್ಕೆ ಇದನ್ನ ಹಾಗೇ ತಂದು ಹಾಕೋಕಾಗೋದಿಲ್ಲ ಮಾರಾಯ್ರೆ. ಇಲ್ಲಿ ಮೇಲೆ ಮುರಕಲ್ಲು (ಲ್ಯಾಟರೈಟ್), ಅದರಡಿಗೆ ಶೇಡಿ ಮಣ್ಣು, ಒಣಗಿದಾಗ ಗಟ್ಟಿ ಇರ್ತದೆ, ನೀರು ಕುಡಿದ್ರೆ ಬಲವೇ ಹೋಗ್ತದೆ, ಹಾಗಾಗಿ ಅಂಟಿನ ಜೊತೆ ಮಣ್ಣೊಳಗಿನ ನೀರಿನ ಒತ್ತಡವನ್ನೂ ಲೆಕ್ಕಕ್ಕೆ ತಗೊಳ್ಬೇಕು. ಸುರತ್ಕಲ್ ಎನ್‌ಐಟಿಕೆಯಲ್ಲಿ ಶೇಡಿ ಮಣ್ಣಿನ ಬಗ್ಗೆ ಒಳ್ಳೇ ಕೆಲಸ ಆಗಿದೆ. 2024ರ ಜುಲೈ 16ಕ್ಕೆ ಅಂಕೋಲಾ ಹತ್ತಿರದ ಶಿರೂರಲ್ಲಿ ಹೆದ್ದಾರಿ ದಾಟಿ ಗಂಗಾವಳಿ ಹೊಳೆ ತನಕ ಮಣ್ಣು ಹೋದದ್ದು ಗೊತ್ತುಂಟಲ್ಲ, ನಿಮ್ಮ ಮನೆ ಹಿಂದಿನ ಗುಡ್ಡದ ಬರೆ ಕಡಿಯೋಕೆ ಬಂದವರು ಮಣ್ಣು ಟೆಸ್ಟ್ ಮಾಡಿದ್ದೇವೆ ಅಂದ್ರೆ, ನೆನೆಸಿ ಮಾಡಿದ್ದಾ ಒಣಗಿದ್ದಾ ಅಂತ ಮೊದಲು ಕೇಳಿ.