ರೇಂಜ್ ಇದೆ, ನೆಟ್ ಇಲ್ಲ

ನಮ್ಮ ಓಣಿಯ ಟೀಚರ್ ಮೇ ತಿಂಗಳ ಒಂದು ಭಾನುವಾರ ಕಾಸರಗೋಡಿನ ಮದುವೆಗೆ ಹೊರಟಿದ್ದರು. ಕಾರು ತಲಪಾಡಿ ದಾಟಿ ಹತ್ತು ನಿಮಿಷವೂ ಆಗಿರಲಿಲ್ಲ, ನನಗೆ ಕರೆ ಬಂತು. "ಮ್ಯಾಪ್ ನಿಂತೇ ಹೋಯಿತು ಮಾರಾಯರೆ. ರೇಂಜ್ ಫುಲ್ ಉಂಟು, ನೆಟ್ ಮಾತ್ರ ಇಲ್ಲ. ಹಾಲ್ ಎಲ್ಲಿ ಎಂದು ಡ್ರೈವರನಿಗೂ ಗೊತ್ತಿಲ್ಲ." ಅಷ್ಟರಲ್ಲಿ ಅವರು ಫೋನನ್ನು ಎರಡು ಸಲ ಆಫ್ ಮಾಡಿ ಆನ್ ಮಾಡಿ ಆಗಿತ್ತು.

"ಟೀಚರ್, ಮೇಲೆ ಕಡ್ಡಿಗಳ ಪಕ್ಕದಲ್ಲಿ ಸಣ್ಣದಾಗಿ 'ಆರ್' ಅಕ್ಷರ ಕಾಣುತ್ತದೆಯೇ?"

"ಉಂಟು."

ಸೆಟ್ಟಿಂಗ್ಸ್‌ನಲ್ಲಿ ಸಿಮ್ ಎಂದಿರುವಲ್ಲಿಗೆ ಹೋಗಿ 'ಡೇಟಾ ರೋಮಿಂಗ್' ಆನ್ ಮಾಡಿ ಎಂದೆ. ಅರ್ಧ ನಿಮಿಷದಲ್ಲಿ ಮ್ಯಾಪಿನ ನೀಲಿ ಚುಕ್ಕಿ ಚಲಿಸತೊಡಗಿತು.

ದೂರಸಂಪರ್ಕದ ಲೆಕ್ಕದಲ್ಲಿ ಭಾರತ 22 ವಲಯಗಳ ದೇಶ. ಮಂಗಳೂರು ಕರ್ನಾಟಕ ವಲಯದ ತುದಿಯಲ್ಲಿದೆ, ತಲಪಾಡಿಯಿಂದಾಚೆ ಕೇರಳ ವಲಯ. ನಮ್ಮ ಸಿಮ್‌ನ ವಲಯ ದಾಟಿ ಹೋದರೆ ಅದೇ ರೋಮಿಂಗ್, ಆ 'ಆರ್' ಅದರ ಗುರುತು. ಒಂದು ಕಾಲದಲ್ಲಿ ಈ ಗಡಿ ದಾಟಿದರೆ ಬರುವ ಕರೆಗೂ ದುಡ್ಡು ಹೋಗುತ್ತಿತ್ತು. ಮಂಜೇಶ್ವರದ ಕಡೆಯವರು ಜೇಬಿನಲ್ಲಿ ಎರಡು ರಾಜ್ಯದ ಸಿಮ್ ಇಟ್ಟುಕೊಂಡು ಓಡಾಡುತ್ತಿದ್ದರು. 2015ರ ಜೂನ್ 15ರಂದು ಬಿಎಸ್‌ಎನ್‌ಎಲ್ ದೇಶದೊಳಗಿನ ರೋಮಿಂಗ್‌ನಲ್ಲಿ ಒಳಬರುವ ಕರೆಯನ್ನು ಉಚಿತ ಮಾಡಿತು. ಈಗ ಸಾಮಾನ್ಯ ಪ್ಯಾಕ್‌ಗಳ ಡೇಟಾ ದೇಶದ ಯಾವ ವಲಯದಲ್ಲಿದ್ದರೂ ನಡೆಯುತ್ತದೆ. ಆದರೆ ಆ ಕಾಲದ ಹೆದರಿಕೆಯಲ್ಲಿ ಆಫ್ ಮಾಡಿದ ಗುಂಡಿ ಎಷ್ಟೋ ಫೋನುಗಳಲ್ಲಿ ಹಾಗೆಯೇ ಉಳಿದಿದೆ. ದೇಶದೊಳಗೆ ಅದು ಆನ್ ಇರಲಿ. ವಿದೇಶಕ್ಕೆ ವಿಮಾನ ಹತ್ತುವ ದಿನ ಮಾತ್ರ ಮರೆಯದೆ ಆಫ್ ಮಾಡಿ, ಅಲ್ಲಿನ ದರವೇ ಬೇರೆ.

ನಾನು ಹದಿನೆಂಟು ವರ್ಷಗಳಿಂದ ಕರಾವಳಿಯಲ್ಲಿ ಮೊಬೈಲ್ ಜಾಲದ ಕೆಲಸದಲ್ಲಿದ್ದೇನೆ. ಕಾರಿನ ಹಿಂದಿನ ಸೀಟಿನಲ್ಲಿ ಲ್ಯಾಪ್‌ಟಾಪ್ ತೆರೆದು, ಅದಕ್ಕೆ ನಾಲ್ಕು ಫೋನು ಜೋಡಿಸಿ, ರಸ್ತೆಯುದ್ದಕ್ಕೂ ಸಿಗ್ನಲ್ ಅಳೆಯುತ್ತಾ ಹೋಗುವುದಕ್ಕೆ ನಮ್ಮಲ್ಲಿ ಡ್ರೈವ್ ಟೆಸ್ಟ್ ಎನ್ನುತ್ತಾರೆ. ಈ ವರ್ಷಗಳಲ್ಲಿ ನನಗೆ ಮನವರಿಕೆಯಾದ ಸಂಗತಿಯೊಂದಿದೆ. ಪ್ರಯಾಣದಲ್ಲಿ ನೆಟ್ ಹೋಯಿತು ಎಂದು ಜನ ಒಂದೇ ಮಾತಿನಲ್ಲಿ ಹೇಳುವುದು ನಾಲ್ಕೈದು ಬೇರೆಬೇರೆ ತೊಂದರೆಗಳನ್ನು. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಯಾವುದು ಯಾವುದೆಂದು ಗುರುತಿಸಲು ಬಂದರೆ ಅರ್ಧ ಪರದಾಟ ತಪ್ಪುತ್ತದೆ.

ಮೊದಲು ನಿಜವಾಗಿಯೂ ಸಿಗ್ನಲ್ ಇಲ್ಲದಿರುವುದನ್ನು ನೋಡೋಣ. ಶಿರಾಡಿ ಘಾಟಿಯ ಒಂದು ಟೆಸ್ಟ್ ನನಗೆ ಚೆನ್ನಾಗಿ ನೆನಪಿದೆ. ನೆಲ್ಯಾಡಿಯಲ್ಲಿ ಪರದೆಯ ಮೇಲೆ ಮೈನಸ್ 85 ಡಿಬಿಎಂ (ಸಿಗ್ನಲ್ ಶಕ್ತಿಯ ಮಾಪನ) ಇತ್ತು, ಅಂದರೆ ಒಳ್ಳೆಯ ಸಿಗ್ನಲ್. ಗುಂಡ್ಯ ಬಿಟ್ಟು ಏರು ಹಿಡಿದ ಮೇಲೆ ಅದು ಮೈನಸ್ 115ಕ್ಕೆ ಇಳಿಯಿತು. ಕೇಳುವುದಕ್ಕೆ ಮೂವತ್ತರ ವ್ಯತ್ಯಾಸ. ಆದರೆ ಈ ಮಾಪನದಲ್ಲಿ ಹತ್ತು ಇಳಿದರೆ ಶಕ್ತಿ ಹತ್ತನೆಯ ಒಂದು ಪಾಲಿಗೆ ಇಳಿದ ಹಾಗೆ, ಮೂವತ್ತು ಇಳಿದರೆ ಸಾವಿರದ ಒಂದು ಪಾಲು. ಮುಂದಿನ ತಿರುವಿನಲ್ಲಿ ನಾಲ್ಕರಲ್ಲಿ ಮೂರು ಫೋನು ಸುಮ್ಮನಾದವು. ಟವರ್ ಕೆಟ್ಟಿರಲಿಲ್ಲ, ನಡುವೆ ಗುಡ್ಡ ಬಂದಿತ್ತು ಅಷ್ಟೆ. ದೀಪಕ್ಕೆ ಕೈ ಅಡ್ಡ ಹಿಡಿದರೆ ನೆರಳು ಬೀಳುವಂತೆ ರೇಡಿಯೊ ಅಲೆಗೂ ಗುಡ್ಡದ ನೆರಳಿದೆ. ಆಗುಂಬೆ, ಚಾರ್ಮಾಡಿ, ಸಂಪಾಜೆ ಎಲ್ಲ ಕಡೆಯೂ ಇದೇ ಕತೆ.

ಆ ನಾಲ್ಕನೆಯ ಫೋನು ಮಾತನಾಡುತ್ತಲೇ ಇದ್ದುದಕ್ಕೂ ಕಾರಣವಿದೆ. ಅದು ಬೇರೆ ಕಂಪನಿಯ ಸಿಮ್, ಹಿಡಿದಿದ್ದು 900 ಮೆಗಾಹರ್ಟ್ಸ್ ಆವರ್ತನದ ಅಲೆ. 700, 850, 900ರಂಥ ಕೆಳಗಿನ ತರಂಗಗಳು ದೂರ ಹೋಗುತ್ತವೆ, ಅಂಚಿನಲ್ಲಿ ಸ್ವಲ್ಪ ಬಾಗುತ್ತವೆ, ಗೋಡೆಯನ್ನೂ ಹೊಕ್ಕು ಬರುತ್ತವೆ. 2300 ಅಥವಾ 5ಜಿಯ 3300ರ ಆಸುಪಾಸಿನವು ಹೆಚ್ಚು ಡೇಟಾ ಹೊರುತ್ತವೆ, ಆದರೆ ಬೇಗ ದಣಿಯುತ್ತವೆ. ಮಂಗಳೂರಿನ ಹಂಪನಕಟ್ಟೆಯಲ್ಲಿ ಹಾರಾಡುವ 5ಜಿ ಹಳ್ಳಿ ದಾರಿಯಲ್ಲಿ ಕಾಣೆಯಾಗುವುದು ಇದರಿಂದ. ಹಾಗಾಗಿ ದೂರದ ದಾರಿಯಲ್ಲಿ ಫೋನನ್ನು 4ಜಿಗೆ ಕಟ್ಟಿ ಇಡುವುದು ಒಳ್ಳೆಯದೆಂದು ನಾನು ಹೇಳುತ್ತೇನೆ. 5ಜಿ ಹುಡುಕುತ್ತಾ ಬ್ಯಾಟರಿ ಕರಗುವುದು ತಪ್ಪುತ್ತದೆ. ಪ್ಯಾಕಿನಲ್ಲಿ 'ಅನಿಯಮಿತ' ಎಂದಿರುವುದು ಸಾಮಾನ್ಯವಾಗಿ 5ಜಿಗೆ ಮಾತ್ರ ಎನ್ನುವುದೂ ಗೊತ್ತಿರಲಿ. 4ಜಿಗೆ ಇಳಿದ ಕ್ಷಣದಿಂದ ಪ್ಯಾಕಿನ ದಿನದ ಜಿಬಿ ಮಿತಿಯ ಲೆಕ್ಕ ಶುರು. ಅದು ಮುಗಿದ ಮೇಲೆ ಹೆಚ್ಚಿನ ಪ್ಯಾಕ್‌ಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಆ ವೇಗದಲ್ಲಿ ಮೂರು ಎಂಬಿಯ ಒಂದು ಫೋಟೊ ಹೋಗಲು ಆರು ನಿಮಿಷ ಬೇಕು. ಕಡ್ಡಿ ಮಾತ್ರ ಆಗಲೂ ಪೂರ್ತಿ ಇರುತ್ತದೆ!

ಎರಡು ಸಿಮ್ ಹಾಕುವ ಫೋನಿನಲ್ಲಿ ಎರಡೂ ಒಂದೇ ಕಂಪನಿಯವಾದರೆ ಪ್ರಯಾಣಕ್ಕೆ ಏನೂ ಲಾಭವಿಲ್ಲ, ಎರಡಕ್ಕೂ ಒಂದೇ ಟವರಿನ ಹಂಗು. ಬೇರೆ ಕಂಪನಿಯದ್ದನ್ನು ಕಡಿಮೆ ದರದ ಪ್ಯಾಕಿನಲ್ಲಿ ಜೀವಂತ ಇಟ್ಟುಕೊಳ್ಳಿ. ಜಿಯೊಗೆ 2ಜಿ ಜಾಲವೇ ಇಲ್ಲ. 4ಜಿ ಸಿಗದಲ್ಲಿ ಅದರ ಕರೆಯೂ ಇಲ್ಲ. ಏರ್‌ಟೆಲ್, ಬಿಎಸ್‌ಎನ್‌ಎಲ್, ವಿಐ ಸಿಮ್‌ಗಳು ಡೇಟಾ ಸತ್ತ ಜಾಗದಲ್ಲೂ 2ಜಿಯಲ್ಲಿ ಒಂದು ಕರೆ, ಒಂದು ಎಸ್‌ಎಂಎಸ್ ದಾಟಿಸಬಹುದು. ಸರಕಾರದ ಡಿಜಿಟಲ್ ಭಾರತ್ ನಿಧಿಯ ಹಣದಿಂದ ನಿಂತ ಒಳನಾಡಿನ ಟವರ್‌ಗಳಲ್ಲಿ ಒಂದು ಕಂಪನಿಯ ಗ್ರಾಹಕರು ಇನ್ನೊಂದರ 4ಜಿ ಬಳಸುವ ವ್ಯವಸ್ಥೆಗೆ 2025ರ ಜನವರಿಯಲ್ಲಿ ಚಾಲನೆ ಸಿಕ್ಕಿದೆ. ನನ್ನ ಮಟ್ಟಿಗೆ ಇದು 5ಜಿಗಿಂತ ದೊಡ್ಡ ಸುದ್ದಿ. ಒಂದು ಗುಡ್ಡದ ಮೇಲೆ ನಾಲ್ಕು ಕಂಪನಿ ನಾಲ್ಕು ಕಂಬ ನೆಡುವುದಕ್ಕಿಂತ ಒಂದೇ ಕಂಬ ನಾಲ್ವರಿಗೂ ಆಗುವುದು ಮಲೆನಾಡಿಗೆ ಬೇಕಾದ ನ್ಯಾಯ.

ರೈಲಿನ ವಿಷಯ ಬೇರೆ. ಬೋಗಿ ಎಂದರೆ ಲೋಹದ ಪೆಟ್ಟಿಗೆ, ಸಿಗ್ನಲ್ ಕಿಟಕಿಯಿಂದಲೇ ಒಳಗೆ ಬರಬೇಕು. ನಡುವಿನ ಬರ್ತಿನಲ್ಲಿ ಮಲಗಿ ವಿಡಿಯೊ ಕರೆ ಕಡಿಯಿತೆಂದು ಬೇಸರಿಸುವವರು ಕಿಟಕಿಯ ಪಕ್ಕಕ್ಕೆ ಬಂದು ನೋಡಲಿ. ಕೊಂಕಣ ರೈಲು ಮಾರ್ಗದಲ್ಲಿ ತೊಂಬತ್ತಕ್ಕೂ ಹೆಚ್ಚು ಸುರಂಗಗಳಿವೆ. ಕಾರವಾರದ ಸುರಂಗ ಸುಮಾರು ಮೂರು ಕಿಲೋಮೀಟರ್, ರತ್ನಾಗಿರಿ ಬಳಿಯ ಕರಬುಡೆಯದು ಆರೂವರೆ. ಸುರಂಗದೊಳಗೆ ಪ್ರತ್ಯೇಕ ಕೇಬಲ್ ಎಳೆಯದೆ ಮೊಬೈಲ್ ಅಲೆ ಹೋಗುವುದಿಲ್ಲ. ಸುಬ್ರಹ್ಮಣ್ಯ–ಸಕಲೇಶಪುರ ಘಾಟಿಯಲ್ಲಿ 57 ಸುರಂಗ, ಅವುಗಳ ನಡುವೆ ಕಾಡು. ಅಲ್ಲಿ ನೆಟ್‌ಗೆ ಕಾಯುವ ಬದಲು ಕಿಟಕಿಯಾಚೆ ನೋಡಿ, ಆ ದಾರಿಯ ಜಲಪಾತಗಳು ಆಗಸ್ಟ್‌ನಲ್ಲಿ ನೋಡುವಂತಿರುತ್ತವೆ.

ನಮ್ಮೂರಿನ ಒಂದು ನಂಬಿಕೆಯನ್ನು ನಾನು ಸಿಕ್ಕಿದಲ್ಲೆಲ್ಲ ತಿದ್ದುತ್ತಾ ಬಂದಿದ್ದೇನೆ. "ಜೋರು ಮಳೆ, ಸಿಗ್ನಲ್ ಹೋಯಿತು" ಎನ್ನುತ್ತಾರೆ. 900 ಅಥವಾ 1800 ಮೆಗಾಹರ್ಟ್ಸ್ ಅಲೆಗೆ ಮಳೆಹನಿ ದೊಡ್ಡ ಅಡ್ಡಿಯೇ ಅಲ್ಲ. ಜುಲೈಯಲ್ಲಿ ನಿಜವಾಗಿ ಆಗುವುದು ಏನೆಂದರೆ, ಮರ ಬಿದ್ದು ಕರೆಂಟು ಹೋಗುತ್ತದೆ, ಟವರಿನ ಬ್ಯಾಟರಿ ಕೆಲವು ಗಂಟೆ ತಡೆಯುತ್ತದೆ, ಆಮೇಲೆ ಡೀಸೆಲ್ ತಲುಪದಿದ್ದರೆ ಟವರ್ ಮಲಗುತ್ತದೆ. ಇಲ್ಲವೇ ಟವರಿಗೆ ನೆಲದಡಿಯಲ್ಲಿ ಡೇಟಾ ತರುವ ಫೈಬರ್ ಎಲ್ಲೋ ಗುಡ್ಡ ಕುಸಿದು ಕಡಿಯುತ್ತದೆ. ಕೆಲವು ಟವರಿಗೆ ಫೈಬರಿನ ಬದಲು ಮೈಕ್ರೊವೇವ್ ಡಿಶ್ ಇರುತ್ತದೆ. ಅದು ಕೆಲಸ ಮಾಡುವ ಬಹು ಎತ್ತರದ ಆವರ್ತನಕ್ಕೆ ಮಾತ್ರ ದಟ್ಟ ಮಳೆ ತೊಂದರೆ ಕೊಡುವುದು ನಿಜ. ಫೈಬರ್ ಕಡಿದಾಗ ನಿಮ್ಮ ಫೋನಿನಲ್ಲಿ ಕಡ್ಡಿ ತುಂಬಿಯೇ ಇರಬಹುದು, ಏಕೆಂದರೆ ಕಡ್ಡಿ ತೋರಿಸುವುದು ಫೋನಿಗೂ ಟವರಿಗೂ ನಡುವಿನ ನಂಟನ್ನು ಮಾತ್ರ. ಟವರಿನ ಬೆನ್ನ ಹಿಂದೆ ಏನಾಗಿದೆ ಎನ್ನುವುದು ಅದಕ್ಕೆ ಗೊತ್ತಿಲ್ಲ.

ಫೈಬರನ್ನು ಮಳೆಗಿಂತ ಹೆಚ್ಚು ಕಡಿಯುವುದು ಜೆಸಿಬಿ. ಹೆದ್ದಾರಿ ಕಾಮಗಾರಿಯ ಪಕ್ಕ ಒಂದು ರಾತ್ರಿ ಕೊಡೆ ಹಿಡಿದು ನಿಂತು, ಕೂದಲೆಳೆಯಂಥ ಗಾಜಿನ ತಂತಿಗಳನ್ನು ಒಂದೊಂದಾಗಿ ಬೆಸೆಯುವುದನ್ನು ನೋಡಿದ್ದೇನೆ. ಬೆಸೆಯುವ ಹುಡುಗ ಕೈ ಒರೆಸಿಕೊಳ್ಳುತ್ತಿದ್ದ, ಒಂದು ಹನಿ ಬಿದ್ದರೂ ಆ ಬೆಸುಗೆ ಕೆಲಸಕ್ಕೆ ಬಾರದು. ಬೆಳಗಿನ ನಾಲ್ಕಕ್ಕೆ ಮೂರು ಊರುಗಳ ಟವರ್ ಎದ್ದವು. ಅಗೆಯುವ ಮುನ್ನ ಕೆಳಗೆ ಏನಿದೆ ಎಂದು ಕೇಳುವುದಕ್ಕೆ ಕೇಂದ್ರ ಸರಕಾರ 2023ರ ಮಾರ್ಚ್‌ನಲ್ಲಿ 'ಕಾಲ್ ಬಿಫೋರ್ ಯು ಡಿಗ್' ಎಂಬ ಆ್ಯಪ್ ತಂದಿದೆ. ರಸ್ತೆ ಅಗೆಯುವ ಪ್ರತಿಯೊಬ್ಬ ಗುತ್ತಿಗೆದಾರರೂ ಅದನ್ನು ಬಳಸಲೇಬೇಕು ಎಂದು ನಾನು ಕೈಮುಗಿದು ಕೇಳುತ್ತೇನೆ.

ಇನ್ನು ಜನಜಂಗುಳಿ. 2026ರ ಜನವರಿ 18ರಂದು ಉಡುಪಿಯಲ್ಲಿ ಶೀರೂರು ಮಠದ ಪರ್ಯಾಯ ನಡೆಯಿತು. ಇಂಥ ರಾತ್ರಿಗಳಲ್ಲಿ ಜೋಡುಕಟ್ಟೆಯಿಂದ ರಥಬೀದಿಯವರೆಗೆ ಕಾಲಿಡಲು ಜಾಗವಿರುವುದಿಲ್ಲ, ಎಲ್ಲರ ಕೈಯೂ ಮೇಲೆ, ಎಲ್ಲರದೂ ವಿಡಿಯೊ. ಒಂದು ಟವರಿನ ಡೇಟಾ ಅದರಡಿ ನಿಂತವರೆಲ್ಲರಿಗೂ ಹಂಚಿ ಹೋಗಬೇಕು; ಪಂಕ್ತಿಯಲ್ಲಿ ನೂರು ಜನಕ್ಕೆ ಮಾಡಿದ ಸಾರು ಸಾವಿರ ಜನಕ್ಕೆ ಬಡಿಸಿದ ಹಾಗೆ. ಇಂಥಲ್ಲಿ ಫೋನನ್ನು ಆಫ್ ಮಾಡಿ ಆನ್ ಮಾಡುವುದು, ಏರ್‌ಪ್ಲೇನ್ ಮೋಡ್ ಒತ್ತುವುದು ವ್ಯರ್ಥ, ಮತ್ತೆ ಸರದಿಯ ಕೊನೆಗೆ ನಿಂತಂತೆ. ಅದೇ ಏರ್‌ಪ್ಲೇನ್ ಮೋಡ್ ಘಾಟಿ ಇಳಿದ ಮೇಲೆ ಹಳೆಯ, ದೂರದ ಟವರನ್ನೇ ಹಿಡಿದು ಕುಳಿತ ಫೋನಿಗೆ ಒಳ್ಳೆಯ ಮದ್ದು. ಜಂಗುಳಿಯಲ್ಲಿ ಬರಹದ ಸಂದೇಶ ಕಳಿಸಿ, ಅದಕ್ಕೆ ಸಾಲುವಷ್ಟು ಜಾಗ ಹೇಗೂ ಸಿಗುತ್ತದೆ. ವಿಡಿಯೊ ಕಳಿಸಲೇಬೇಕಾದರೆ ಎರಡನೆಯ ಸಿಮ್‌ಗೆ ಬದಲಿಸಿ, ಇಲ್ಲವೇ ಕಲ್ಸಂಕದ ಕಡೆಗೆ ನಾಲ್ಕು ಹೆಜ್ಜೆ ಹಾಕಿ.

ಸರಕಾರದ ಆದೇಶದಿಂದಲೇ ಡೇಟಾ ನಿಲ್ಲುವುದೂ ಉಂಟು. 2019ರ ಡಿಸೆಂಬರ್‌ನಲ್ಲಿ ಮಂಗಳೂರಿನಲ್ಲಿ ಮೊಬೈಲ್ ಇಂಟರ್ನೆಟ್ ನಿಂತಾಗ ಟಿಕೆಟ್, ಹೊಟೇಲಿನ ವಿಳಾಸ ಎಲ್ಲವನ್ನೂ ಮೇಲ್‌ನಲ್ಲೇ ಬಿಟ್ಟು ಬಂದ ಪ್ರವಾಸಿಗರು ಕೈಚೆಲ್ಲಿ ನಿಂತಿದ್ದರು. ಟಿಕೆಟಿನ ಸ್ಕ್ರೀನ್‌ಶಾಟ್, ಹೋಗುವ ಜಿಲ್ಲೆಗಳ ಆಫ್‌ಲೈನ್ ಮ್ಯಾಪ್, ಎರಡು ದಿನಕ್ಕಾಗುವಷ್ಟು ನೋಟು, ಕಾಗದದಲ್ಲಿ ಬರೆದ ನಾಲ್ಕು ಫೋನ್ ನಂಬರ್ ಇಷ್ಟನ್ನು ಮನೆಯ ವೈಫೈ ಇರುವಾಗಲೇ ಸಿದ್ಧ ಮಾಡಿಕೊಳ್ಳಬೇಕು.

ದ್ವೀಪಗಳ ಸ್ಥಿತಿ ಈಚೆಗೆ ಬದಲಾಗಿದೆ. ಚೆನ್ನೈಯಿಂದ ಅಂಡಮಾನಿಗೆ ಸಮುದ್ರದಡಿಯ ಕೇಬಲ್ 2020ರ ಆಗಸ್ಟ್‌ನಲ್ಲಿ ಬಂತು. ನಮ್ಮ ಹಳೆ ಬಂದರಿನಿಂದ ಸಾಮಾನು ಹೋಗುವ ಲಕ್ಷದ್ವೀಪಕ್ಕೆ ಕೊಚ್ಚಿಯಿಂದ 2024ರ ಜನವರಿಯಲ್ಲಿ. ಅದಕ್ಕೆ ಮೊದಲು ಎರಡೂ ಕಡೆ ಉಪಗ್ರಹವನ್ನೇ ನೆಚ್ಚಬೇಕಿತ್ತು.

ಟೀಚರ್ ಮತ್ತೆ ಬಂದದ್ದು ಅಕ್ಟೋಬರಿನಲ್ಲಿ. ಅವರೂ ಅವರ ಜತೆಯ ಹನ್ನೊಂದು ಮಂದಿಯೂ ವೈಷ್ಣೋದೇವಿಗೆ ಹೊರಟಿದ್ದರು. "ರೋಮಿಂಗ್ ಆನ್ ಮಾಡಿದ್ದೇನೆ, ಇನ್ನು ಚಿಂತೆ ಇಲ್ಲವಲ್ಲ?" ಎಂದರು.

"ಚಿಂತೆ ಇದೆ ಟೀಚರ್. ನಿಮ್ಮೆಲ್ಲರದೂ ಪ್ರಿಪೇಯ್ಡ್ ಅಲ್ಲವೇ?"

ಭದ್ರತೆಯ ಕಾರಣಕ್ಕೆ ಜಮ್ಮು–ಕಾಶ್ಮೀರ ಮತ್ತು ಲಡಾಖ್‌ನಲ್ಲಿ ಹೊರಗಿನ ಪ್ರಿಪೇಯ್ಡ್ ಸಿಮ್ ನಡೆಯುವುದಿಲ್ಲ. ಕರೆಯೂ ಇಲ್ಲ, ಡೇಟಾವೂ ಇಲ್ಲ. ಪೋಸ್ಟ್‌ಪೇಯ್ಡ್ ಮಾತ್ರ ನಡೆಯುತ್ತದೆ. ಟ್ರಾವೆಲ್ಸ್‌ನವರು ಕೂಡ ಎಷ್ಟೋ ಸಲ ಇದನ್ನು ಹೇಳುವುದಿಲ್ಲ. ಹನ್ನೆರಡು ಮಂದಿಯೂ ಬದಲಾಯಿಸಬೇಕಾಗಿಲ್ಲ. ಇಬ್ಬರು, ಅದೂ ಬೇರೆಬೇರೆ ಕಂಪನಿಯವರು, ಅದೇ ನಂಬರಿನಲ್ಲಿ ಪೋಸ್ಟ್‌ಪೇಯ್ಡ್‌ಗೆ ಬಂದರೆ ಉಳಿದವರು ಹಾಟ್‌ಸ್ಪಾಟ್‌ನಲ್ಲಿ ವಾಟ್ಸ್ಆ್ಯಪ್ ನಡೆಸಬಹುದು ಎಂದೆ. ಹೊರಡುವ ಹಿಂದಿನ ದಿನ ಮಾಡಬೇಡಿ, ಹತ್ತು ದಿನ ಮೊದಲೇ ಮಾಡಿ ಎಂದೂ ಹೇಳಿದೆ. ಹೊಸ ಸಿಮ್ ಕಾರ್ಡೋ ಇ–ಸಿಮ್ಮೋ ಪಡೆದರೆ ವಂಚನೆ ತಡೆಯುವ ಸಲುವಾಗಿ 24 ಗಂಟೆ ಎಸ್‌ಎಂಎಸ್ ನಿಂತಿರುತ್ತದೆ. ಅಂದರೆ ಬ್ಯಾಂಕಿನ ಒಟಿಪಿಯೂ ಬಾರದು. ವಿಮಾನ ನಿಲ್ದಾಣದಲ್ಲಿ ನಿಂತು ಆ ಕಷ್ಟ ಯಾಕೆ?

ಇನ್ನೊಂದು ಮಾತನ್ನು ಟೀಚರ್‌ಗೆ ಕಾಗದದಲ್ಲಿ ಬರೆದುಕೊಟ್ಟೆ. ಚಾರಣಕ್ಕೆ ಹೋಗುವ ಮಕ್ಕಳಿಗೂ ನಾನು ಇದನ್ನೇ ಹೇಳುತ್ತೇನೆ. ಪರದೆಯ ಮೇಲೆ 'ತುರ್ತು ಕರೆ ಮಾತ್ರ' ಎಂದು ಬಂದರೆ ಎಲ್ಲವೂ ಮುಗಿಯಿತೆಂದು ಫೋನನ್ನು ಜೇಬಿಗೆ ಹಾಕಬಾರದು. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲ, ಬೇರೆ ಯಾರದ್ದೋ ಟವರ್ ಕೇಳಿಸುತ್ತಿದೆ ಎಂದು ಅದರ ಅರ್ಥ. ಆಗ 112 ಒತ್ತಿದರೆ ಆ ಬೇರೆಯವರ ಟವರಿನ ಮೂಲಕವೇ ಕರೆ ಹೋಗುತ್ತದೆ. ಅದಕ್ಕೆ ಪ್ಯಾಕ್ ಬೇಡ.

ವೈಷ್ಣೋದೇವಿ ಬೆಟ್ಟದ ಬುಡದ ಕಟ್ರಾದಿಂದ ಟೀಚರ್ ಕರೆ ಮಾಡಿದಾಗ ರಾತ್ರಿ ಎಂಟು. ಧ್ವನಿ ಸ್ಪಷ್ಟವಾಗಿತ್ತು. "ಮಾತು ಹೋಗುತ್ತದೆ, ಫೋಟೊ ಹೋಗುವುದಿಲ್ಲ," ಎಂದರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಮುಂದುವರಿಸಿದರು: "ಗೊತ್ತಾಯಿತು ಬಿಡಿ, ಇಲ್ಲಿ ಜನ ತುಂಬಾ ಇದ್ದಾರೆ, ಟವರ್ ಉಂಟು, ಜಾಗ ಇಲ್ಲ. ಎಲ್ಲರೂ ಮಲಗಿದ ಮೇಲೆ ಕಳಿಸುತ್ತೇನೆ."

ಬೆಳಗ್ಗೆ ಎದ್ದು ನೋಡಿದರೆ ನಾಲ್ಕೂ ಹತ್ತಕ್ಕೆ ಹದಿನೇಳು ಫೋಟೊ ಬಂದಿದ್ದವು.