ರೂಸ್‌ವೆಲ್ಟ್ ಕೋವಿಗಳು ಮತ್ತು ನಾಲ್ಕು ಟನ್ ಉಪ್ಪು: ಆಫ್ರಿಕಾದ ದೊಡ್ಡ ಬೇಟೆಯನ್ನು ಓದುವ ಬಗೆ

ಆಫ್ರಿಕಾದ ದೊಡ್ಡ ಬೇಟೆಯ ಇತಿಹಾಸ ಓದುವಾಗ ನಾವು ಕೋವಿಯನ್ನು ಒಂದು ಪಾಠವಾಗಿಯೂ ಗೋಡೆಯ ಮೇಲಿನ ತಲೆ-ಕೊಂಬುಗಳನ್ನು ಇನ್ನೊಂದು ಪಾಠವಾಗಿಯೂ ಓದಿಬಿಡುತ್ತೇವೆ. ಎರಡರ ನಡುವೆ ಹೊರೆ ಹೊತ್ತವರು, ಚರ್ಮ ಸುಲಿದವರು, ಉಪ್ಪು ಸವರಿದವರು ಇದ್ದಾರೆ. ಅವರನ್ನು ಬಿಟ್ಟರೆ ಟ್ರೋಫಿ ಎಂಬುದು ಒಬ್ಬ ಬೇಟೆಗಾರನ ಹೆಸರಿಗಷ್ಟೇ ಸಲ್ಲುತ್ತದೆ. ಇದನ್ನು ಕಲಿಯಲು ಥಿಯೋಡೋರ್ ರೂಸ್‌ವೆಲ್ಟ್ ಅವರ 1909-10ರ ಯಾತ್ರೆಯಷ್ಟು ಅನುಕೂಲವಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಹಿನ್ನೆಲೆ ಇಷ್ಟು. 1909ರ ಮಾರ್ಚ್‌ನಲ್ಲಿ ಅಮೆರಿಕದ ಅಧ್ಯಕ್ಷಗಿರಿ ಮುಗಿಸಿದ ರೂಸ್‌ವೆಲ್ಟ್ ಅದೇ ತಿಂಗಳು ಮಗ ಕರ್ಮಿಟ್ ಜೊತೆ ಹಡಗು ಹತ್ತಿದರು. ಏಪ್ರಿಲ್‌ನಲ್ಲಿ ಮೊಂಬಾಸಾ, ಅಲ್ಲಿಂದ ಇಂದಿನ ಕೀನ್ಯಾ, ಉಗಾಂಡಾ, ನೈಲ್ ದಂಡೆಯ ಲಾಡೋ ಪ್ರದೇಶ, 1910ರ ಮಾರ್ಚ್‌ನಲ್ಲಿ ಖಾರ್ಟೂಮ್. ಯಾತ್ರೆ ನಡೆದದ್ದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ಹೆಸರಿನಲ್ಲಿ. ಮಿಯರ್ನ್ಸ್, ಹೆಲ್ಲರ್, ಲೋರಿಂಗ್ ಎಂಬ ಮೂವರು ನಿಸರ್ಗ ವಿಜ್ಞಾನಿಗಳೂ ಜೊತೆಗಿದ್ದರು.

ಈಗ ಕೋವಿಗಳು. ರೂಸ್‌ವೆಲ್ಟ್ ಬಳಿ ಮುಖ್ಯವಾಗಿ ಮೂರಿದ್ದವು: .30 ಕ್ಯಾಲಿಬರಿನ (ಕ್ಯಾಲಿಬರ್ ಎಂದರೆ ನಳಿಗೆಯ ಒಳ ಅಗಲ, ಇಂಚಿನಲ್ಲಿ) ಸ್ಪ್ರಿಂಗ್‌ಫೀಲ್ಡ್, .405 ವಿಂಚೆಸ್ಟರ್, ಮತ್ತು ಇಂಗ್ಲೆಂಡಿನ ಅಭಿಮಾನಿಗಳು ಕೂಡಿ ಕಾಣಿಕೆ ಕೊಟ್ಟ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿಯ ಜೋಡು ನಳಿಗೆ ಕೋವಿ, .500/450. ವಿಂಚೆಸ್ಟರ್ ಸನ್ನೆ ಎಳೆದು ತೋಟಾ ಏರಿಸುವ ಜಾತಿಯದು. ಸಿಂಹಗಳ ವಿಷಯದಲ್ಲಿ ಅವರಿಗೆ ಅದರ ಮೇಲೆಯೇ ಹೆಚ್ಚು ಭರವಸೆ. ಆನೆ, ಘೇಂಡಾಮೃಗ ಎಂದರೆ ಜೋಡು ನಳಿಗೆ.

ಜೋಡು ನಳಿಗೆಯ ಹತ್ತಿರ ಸ್ವಲ್ಪ ನಿಲ್ಲೋಣ, ಏಕೆಂದರೆ ಇದರ ಕೆಲಸಗಾರಿಕೆ ಹೊರನೋಟಕ್ಕೆ ಕಾಣುವುದಿಲ್ಲ. ಎರಡು ನಳಿಗೆಗಳನ್ನು ಸಮಾನಾಂತರವಾಗಿ ಬೆಸೆದರೆ ಗುಂಡುಗಳು ಒಂದೇ ಕಡೆ ಬೀಳುವುದಿಲ್ಲ. ಬಲನಳಿಗೆ ಹಾರಿದಾಗ ಹಿಂದೊದೆತಕ್ಕೆ ಕೋವಿ ಬಲಕ್ಕೂ ಮೇಲಕ್ಕೂ ತಿರುಗುತ್ತದೆ, ಎಡನಳಿಗೆ ಹಾರಿದಾಗ ಎಡಕ್ಕೆ. ಹಾಗಾಗಿ ನಳಿಗೆಗಳ ಮೂತಿಯನ್ನು ಕೂದಲೆಳೆಯಷ್ಟು ಒಳಮುಖ ಮಾಡಬೇಕು. ಕಸುಬುದಾರ ಗುಂಡು ಹಾರಿಸಿ ನೋಡುತ್ತಾನೆ, ಬೆಸುಗೆ ಕರಗಿಸಿ ಮೂತಿಯ ನಡುವಿನ ಬೆಣೆಯನ್ನು ಸರಿಸುತ್ತಾನೆ, ಮತ್ತೆ ಹಾರಿಸುತ್ತಾನೆ. ಎರಡೂ ಗುಂಡು ಒಂದೆಡೆ ಕೂಡುವವರೆಗೂ ಇದೇ ಕೆಲಸ. ಹೀಗೆ ಹೊಂದಿಸಿದ ಕೋವಿ ಆ ಒಂದು ಬಗೆಯ ತೋಟಾಕ್ಕೇ ಹೊಂದಿರುತ್ತದೆ. ತೋಟಾ ಬದಲಾದರೆ ಗುರಿಯೂ ಕೆಡುತ್ತದೆ. ಒಳಗಿನ ಕಾರ್ಡೈಟ್ ಎಂಬ ಮದ್ದು ಬಿಸಿಲಿಗೆ ಹೆಚ್ಚು ಒತ್ತಡ ಹುಟ್ಟಿಸುತ್ತದೆಂದು ಉಷ್ಣವಲಯಕ್ಕೆ ಕಳಿಸುವ ತೋಟಾಗಳಲ್ಲಿ ಅದನ್ನು ಕಡಿಮೆ ತುಂಬುತ್ತಿದ್ದರು.

ಇಷ್ಟೆಲ್ಲ ಮಾಡಿಯೂ ಸಿಗುವುದು ಎರಡೇ ಗುಂಡು. ಮೌಂಟ್ ಕೀನ್ಯಾದ ದಟ್ಟ ಕಾಡಿನಲ್ಲಿ ರೂಸ್‌ವೆಲ್ಟ್ ಮೊದಲ ಆನೆ ಹೊಡೆದ ಪ್ರಸಂಗ ನೋಡಿ. ಮೊದಲ ಗುಂಡು ಇಟ್ಟ ಗುರಿಗೇ ಬಿತ್ತು, ಆದರೆ ಮಿದುಳಿಗೆ ತಾಗಲಿಲ್ಲ. ಆನೆಯ ತಲೆ ದೊಡ್ಡದು, ಮಿದುಳು ಅದರೊಳಗಿನ ಸಣ್ಣ ಜಾಗ, ಸುತ್ತಲೂ ಜೇನುಗೂಡಿನಂಥ ಮೂಳೆ. ತತ್ತರಿಸಿ ಏಳುವಷ್ಟರಲ್ಲಿ ಎರಡನೇ ಗುಂಡಿಗೆ ಆನೆ ಬಿತ್ತು. ಖಾಲಿ ತೋಟಾ ತೆಗೆಯುವ ಮೊದಲೇ ಎಡಗಡೆಯ ಪೊದೆ ಸೀಳಿಕೊಂಡು ಇನ್ನೊಂದು ಗಂಡಾನೆ ನುಗ್ಗಿತು. ರೂಸ್‌ವೆಲ್ಟ್ ಪಕ್ಕಕ್ಕೆ ನೆಗೆದು ತೋಟಾ ತುಂಬತೊಡಗಿದರು. ಜೊತೆಗಿದ್ದ ಮಾರ್ಗದರ್ಶಿ ಬೇಟೆಗಾರ ಕನಿಂಗ್‌ಹ್ಯಾಮ್ ಎರಡೂ ನಳಿಗೆ ಹಾರಿಸಿದ್ದರಿಂದ ಆನೆ ತಿರುಗಿ ಕಾಡಿಗೆ ಹೋಯಿತು. ಚಿತ್ರಗಳಲ್ಲಿ ಬೇಟೆಗಾರ ಒಂಟಿಯಾಗಿ ನಿಂತಿರುತ್ತಾನೆ. ಆ ದಿನ ಮಾಜಿ ಅಧ್ಯಕ್ಷರ ಜೀವ ಉಳಿಸಿದ್ದು ಪಕ್ಕದವನ ಕೋವಿ. ಈ ಪ್ರಸಂಗವನ್ನು ಬರೆದಿಟ್ಟವರು ಸ್ವತಃ ರೂಸ್‌ವೆಲ್ಟ್ ಎಂಬುದೂ ಗಮನಿಸಬೇಕಾದದ್ದೇ.

ಪ್ರಾಣಿ ಬಿದ್ದ ಮೇಲೆ ಹೊತ್ತಿನ ಜೊತೆ ಪೈಪೋಟಿ. ಸಮಭಾಜಕದ ಬಿಸಿಲಿನಲ್ಲಿ ಹಸಿ ಚರ್ಮ ಬೇಗ ಕೊಳೆಯುತ್ತದೆ, ಕೊಳೆತರೆ ಕೂದಲು ಉದುರುತ್ತದೆ. ಆಗ ಅದು ವಸ್ತುಸಂಗ್ರಹಾಲಯಕ್ಕೂ ಬೇಡ, ಬೈಠಕ್‌ಖಾನೆಗೂ ಬೇಡ. ಆನೆಯ ಚರ್ಮವನ್ನಂತೂ ಒಳಗಿನಿಂದ ಚಾಕುಗಳಲ್ಲಿ ಹೆರೆದು ತೆಳ್ಳಗೆ ಮಾಡದಿದ್ದರೆ ಉಪ್ಪು ಇಳಿಯುವುದೇ ಇಲ್ಲ. ಅದಕ್ಕೇ ಯಾತ್ರೆಯ ಸಾಮಾನಿನಲ್ಲಿ ನಾಲ್ಕು ಟನ್ ನುಣುಪು ಉಪ್ಪು. ಒಬ್ಬ ಹೊರೆಯಾಳು ಹೊರುತ್ತಿದ್ದದ್ದು ಸುಮಾರು 27 ಕಿಲೊ ಎಂದರೆ ಉಪ್ಪೊಂದೇ 130ಕ್ಕೂ ಹೆಚ್ಚು ಹೊರೆ. ಎಲ್ಲವನ್ನೂ ಒಂದೇ ಸಲ ಹೊತ್ತರೆಂದಲ್ಲ, ಆದರೆ ಯಾತ್ರೆಯ ನಿಜವಾದ ತೂಕ ಎಲ್ಲಿತ್ತು ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ಸುಮಾರು 200 ಹೊರೆಯಾಳುಗಳು, ಕೋವಿ ಹೊರುವವರು, ಚರ್ಮ ಸುಲಿಯುವ ಆಫ್ರಿಕನ್ನರು: ಪ್ರದರ್ಶನದ ಫಲಕಗಳಲ್ಲಿ ಅವರ ಹೆಸರು ಹುಡುಕುವುದನ್ನು ರೂಢಿ ಮಾಡಿಕೊಳ್ಳಿ.

ಆ ಮೇಲೆ ಬರುವುದು ಟ್ಯಾಕ್ಸಿಡರ್ಮಿ, ಅಂದರೆ ಸತ್ತ ಪ್ರಾಣಿಯ ಚರ್ಮವನ್ನು ಜೀವಂತವೆಂಬಂತೆ ನಿಲ್ಲಿಸುವ ಕಸುಬು. ಹಿಂದೆ ಚರ್ಮದೊಳಗೆ ಹುಲ್ಲು ತುರುಕಿ ಹೊಲಿಯುತ್ತಿದ್ದರು, ಪ್ರಾಣಿ ಉಬ್ಬಿದ ಮೂಟೆಯಾಗುತ್ತಿತ್ತು. ಅಮೆರಿಕದ ಕಾರ್ಲ್ ಏಕ್ಲಿ ಮಣ್ಣಿನಲ್ಲಿ ಸ್ನಾಯು, ನರ, ಮಡಿಕೆಗಳ ಸಮೇತ ಮೈ ರೂಪಿಸಿ, ಅಚ್ಚು ತೆಗೆದು, ಅದರಿಂದ ಹಗುರವಾದ ಟೊಳ್ಳು ಮೈ ಮಾಡಿ ಚರ್ಮ ಹೊದಿಸುವ ಕ್ರಮವನ್ನು ಬೆಳೆಸಿದರು. ಕನ್ನಡಿಗರಿಗೆ ಈ ಕಸುಬು ಹೊಸದಲ್ಲ. ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆ ಸುಮಾರು ಒಂದು ಶತಮಾನ ಕಾಲ ಕಾಗದದ ತಿರುಳಿನ ಮೈಗಳ ಮೇಲೆ ಹುಲಿ, ಚಿರತೆಗಳ ಚರ್ಮ ಕೂರಿಸಿತು. ನಮ್ಮ ಕಡೆಯ ಹಳೆ ಅರಮನೆ, ಬಂಗಲೆಗಳಲ್ಲಿ ಬಾಯಿ ತೆರೆದು ಗುರ್ ಎನ್ನುವ ತಲೆಗಳಲ್ಲಿ ಎಷ್ಟೋ ಅಲ್ಲಿಯವೇ. ಆ ಬಾಯಿ ತೆರೆಸಿದ್ದು ಕೂಡ ಕಸುಬುದಾರನೇ. ಪ್ರಾಣಿ ಸಾಯುವಾಗ ಹಾಗಿತ್ತೆಂದು ನಂಬಬೇಕಿಲ್ಲ.

ಪರೀಕ್ಷೆಯಲ್ಲಿ ತಪ್ಪುವ ಜಾಗ ಅಂಕಿಗಳದು. ಯಾತ್ರೆ 11,000ಕ್ಕೂ ಹೆಚ್ಚು ಮಾದರಿಗಳನ್ನು ತಂದಿತು ಎಂದು ಓದಿ ಎಲ್ಲವನ್ನೂ ರೂಸ್‌ವೆಲ್ಟ್ ಹೊಡೆದರು ಎಂದು ಬರೆಯಬೇಡಿ. ಅದರಲ್ಲಿ ಹಕ್ಕಿ, ಹಾವು, ಮೀನು, ಇಲಿಗಳೆಲ್ಲ ಸೇರಿವೆ. ತಂದೆ-ಮಗ ಹೊಡೆದದ್ದು 512: ತಂದೆ 296, ಮಗ 216. ಸ್ವಂತಕ್ಕೆ ಉಳಿಸಿಕೊಂಡದ್ದು ಸುಮಾರು ಒಂದು ಡಜನ್ ಟ್ರೋಫಿ, ಉಳಿದದ್ದು ಸಂಗ್ರಹಾಲಯಕ್ಕೆ ಅಥವಾ ಊಟಕ್ಕೆ ಎಂಬುದು ಅವರ ಸಮರ್ಥನೆ. ಸಮರ್ಥನೆ ಪೊಳ್ಳಲ್ಲ, ಪೂರ್ಣವೂ ಅಲ್ಲ. ಲಾಡೋದಲ್ಲಿ ಅವರು ಹೊಡೆದದ್ದು ಉತ್ತರದ ಬಿಳಿ ಘೇಂಡಾಮೃಗಗಳನ್ನು, ಆಗಲೇ ಅಪರೂಪ ಎಂದು ತಿಳಿದೇ. ಆ ಉಪಜಾತಿಯನ್ನು ಮುಗಿಸಿದ್ದು ಈ ಯಾತ್ರೆಯಲ್ಲ. ಮುಖ್ಯವಾಗಿ ನಂತರದ ದಶಕಗಳ ಕಳ್ಳಬೇಟೆ. 2018ರ ಮಾರ್ಚ್‌ನಲ್ಲಿ ಕೀನ್ಯಾದ ಓಲ್ ಪೆಜೆಟಾ ವನ್ಯಧಾಮದಲ್ಲಿ ಸುಡಾನ್ ಎಂಬ ಹೆಸರಿನ ಕೊನೆಯ ಗಂಡು ಸತ್ತಿತು. ಅದರ ಮಗಳು ನಾಜಿನ್, ಮೊಮ್ಮಗಳು ಫಾಟು ಉಳಿದವು. ಕೀನ್ಯಾ ಬೇಟೆಯನ್ನು 1977ರಲ್ಲೇ ನಿಷೇಧಿಸಿದೆ. ನಮೀಬಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾಗಳಲ್ಲಿ ಪರವಾನಗಿಯ ಟ್ರೋಫಿ ಬೇಟೆ ಉಳಿದುಕೊಂಡಿದೆ. ಬೋಟ್ಸ್‌ವಾನಾ 2014ರಲ್ಲಿ ನಿಲ್ಲಿಸಿ 2019ರಲ್ಲಿ ಮತ್ತೆ ಅನುಮತಿಸಿತು. ಆ ವಾದಗಳಿಗೆ ಹೋಗುವ ಮುಂಚೆ ಹಣ ಯಾವ ಹಳ್ಳಿಗೆ ತಲುಪುತ್ತದೆ, ಪ್ರಾಣಿಗಳ ಎಣಿಕೆ ಯಾರು ಮಾಡುತ್ತಾರೆ ಎಂಬ ಎರಡು ಪ್ರಶ್ನೆಗಳನ್ನು ದೇಶ ದೇಶಕ್ಕೂ ಬೇರೆಯಾಗಿ ಕೇಳಿ ಉತ್ತರ ಬರೆಯಿರಿ.